ಬರಗಾಲ ಮತ್ತು ಎಥನಾಲ್ ಇಂಧನದ ಬೆಲೆ

ಪೆಟ್ರೋಲಿಗೆ ಬೆರೆಸುವ ಎಥನಾಲ್ ಬಹುಪಾಲು ಕಬ್ಬು ಮತ್ತು ಮೆಕ್ಕೆಜೋಳದಿಂದ ತಯಾರಾಗುತ್ತದೆ. ಆದ್ದರಿಂದ ಅದರ ಬೆಲೆಯು ಕಚ್ಚಾ ತೈಲದ ಮಾರುಕಟ್ಟೆಯನ್ನು ಮಾತ್ರವಲ್ಲದೆ ಮಳೆಯನ್ನೂ ಅವಲಂಬಿಸಿದೆ. ಬರಗಾಲದಿಂದ ಬೆಳೆ ಕುಸಿದಾಗ ಕಚ್ಚಾವಸ್ತುವಿನ ಬೆಲೆ ಏರುತ್ತದೆ. ಆದರೆ ಆ ಏರಿಕೆ ಎಥನಾಲ್‌ನ ಬೆಲೆಯಲ್ಲಿ ಅಷ್ಟೇ ಪ್ರಮಾಣದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬೆಲೆಯನ್ನು ಮಾರುಕಟ್ಟೆ ನಿರ್ಧರಿಸುತ್ತದೆಯೋ ಸರ್ಕಾರ ನಿಗದಿಪಡಿಸುತ್ತದೆಯೋ ಎಂಬುದನ್ನು ಅನುಸರಿಸಿ ಕೊರತೆಯ ಹೊರೆ ಬೇರೆ ಬೇರೆಯವರ ಮೇಲೆ ಬೀಳುತ್ತದೆ. ಅಮೆರಿಕದ 2012ರ ಬರ ಮತ್ತು ಭಾರತದ 2023ರ ಮಳೆ ಕೊರತೆ ಇದಕ್ಕೆ ಎರಡು ಭಿನ್ನ ನಿದರ್ಶನಗಳಾಗಿವೆ.

ಕಚ್ಚಾವಸ್ತುವಿನ ವೆಚ್ಚ

ಎಥನಾಲ್ ಉತ್ಪಾದನಾ ವೆಚ್ಚದಲ್ಲಿ ಅತಿ ದೊಡ್ಡ ಪಾಲು ಕಚ್ಚಾವಸ್ತುವಿನದು. ಅಮೆರಿಕದ ಘಟಕಗಳಲ್ಲಿ ಒಂದು ಬುಷೆಲ್, ಅಂದರೆ ಸುಮಾರು 25.4 ಕಿಲೋಗ್ರಾಂ ಮೆಕ್ಕೆಜೋಳದಿಂದ ಸುಮಾರು 2.8 ಗ್ಯಾಲನ್ ಎಥನಾಲ್ ದೊರೆಯುತ್ತದೆ. ಬುಷೆಲ್‌ಗೆ 5 ಡಾಲರ್ ಇದ್ದಾಗ ಪ್ರತಿ ಗ್ಯಾಲನ್‌ಗೆ ಧಾನ್ಯದ ವೆಚ್ಚವೇ ಸುಮಾರು 1.79 ಡಾಲರ್ ಆಗುತ್ತದೆ. 8 ಡಾಲರಿಗೆ ಏರಿದರೆ ಅದು 2.86 ಡಾಲರ್. ಹುದುಗಿಸಿದ ನಂತರ ಉಳಿಯುವ ಒಣ ಪದಾರ್ಥವು ಧಾನ್ಯದ ತೂಕದ ಮೂರನೆಯ ಒಂದರಷ್ಟಿದ್ದು, ಪಶು ಆಹಾರವಾಗಿ ಮಾರಾಟವಾಗುತ್ತದೆ. ಬರದಲ್ಲಿ ಮೇವಿನ ಬೆಲೆಯೂ ಹೆಚ್ಚುವುದರಿಂದ ನಷ್ಟದ ಒಂದು ಅಂಶ ಇದರಿಂದ ತುಂಬಿಕೊಳ್ಳುತ್ತದೆ. ಎಥನಾಲ್‌ನ ಶಕ್ತಿ ಲೀಟರಿಗೆ ಪೆಟ್ರೋಲಿನ ಮೂರನೆಯ ಎರಡರಷ್ಟು ಮಾತ್ರ ಇರುವುದರಿಂದ, ಪೆಟ್ರೋಲ್ ಅಗ್ಗವಾಗಿದ್ದಾಗ ಉತ್ಪಾದಕರು ತಮ್ಮ ಪೂರ್ಣ ವೆಚ್ಚವನ್ನು ಖರೀದಿದಾರರ ಮೇಲೆ ಹೇರಲಾರರು.

ಅಮೆರಿಕ, 2012

2012ರ ಬೇಸಿಗೆಯಲ್ಲಿ ಅಮೆರಿಕದ ಮೆಕ್ಕೆಜೋಳ ಪ್ರದೇಶವನ್ನು ತೀವ್ರ ಬರ ಆವರಿಸಿತು. ಆಗಸ್ಟ್‌ನಲ್ಲಿ ಧಾನ್ಯದ ವಾಯಿದಾ ಬೆಲೆ ಬುಷೆಲ್‌ಗೆ 8 ಡಾಲರ್ ದಾಟಿ ದಾಖಲೆ ಮಟ್ಟಕ್ಕೇರಿತು. ಎಥನಾಲ್ ದರವೂ ಏರಿತಾದರೂ ಧಾನ್ಯದಷ್ಟು ಏರಲಿಲ್ಲ. ಲಾಭಾಂಶ ಕರಗಿ ಹಲವು ಘಟಕಗಳು ತಾತ್ಕಾಲಿಕವಾಗಿ ಮುಚ್ಚಿದವು. ಜಾನುವಾರು ಮತ್ತು ಕೋಳಿ ಸಾಕಣೆದಾರರ ಸಂಕಷ್ಟವನ್ನು ಮುಂದಿಟ್ಟು ಕೆಲವು ರಾಜ್ಯಗಳ ಗವರ್ನರ್‌ಗಳು ಕಡ್ಡಾಯ ಬಳಕೆಯ ಗುರಿಯನ್ನು ಸಡಿಲಿಸಬೇಕೆಂದು ಕೋರಿದರು. ಪರಿಸರ ಸಂರಕ್ಷಣಾ ಸಂಸ್ಥೆಯು ಅದೇ ವರ್ಷದ ನವೆಂಬರ್‌ನಲ್ಲಿ ಈ ಕೋರಿಕೆಯನ್ನು ತಿರಸ್ಕರಿಸಿತು.

ಬ್ರೆಜಿಲ್‌ನಲ್ಲಿ ಕೊರತೆ ಬಂಕಿನಲ್ಲೇ ಗೋಚರಿಸುತ್ತದೆ. ಅಲ್ಲಿನ ಹೆಚ್ಚಿನ ಕಾರುಗಳು ಎರಡೂ ಇಂಧನಗಳಿಂದ ಚಲಿಸುವುದರಿಂದ, ಎಥನಾಲ್ ಬೆಲೆ ಪೆಟ್ರೋಲಿನ ಶೇ. 70ನ್ನು ಮೀರಿದರೆ ಚಾಲಕರು ಪೆಟ್ರೋಲಿನತ್ತ ತಿರುಗುತ್ತಾರೆ. 2011ರಲ್ಲಿ ಕಬ್ಬಿನ ಇಳುವರಿ ತಗ್ಗಿದಾಗ ಸರ್ಕಾರವು ಮಿಶ್ರಣದ ಪ್ರಮಾಣವನ್ನು ಶೇ. 25ರಿಂದ 20ಕ್ಕೆ ಇಳಿಸಿತು.

ಭಾರತ, 2023–24

ಭಾರತದಲ್ಲಿ ತೈಲ ಕಂಪನಿಗಳು ಎಥನಾಲ್ ಖರೀದಿಸುವ ಬೆಲೆ ಕಚ್ಚಾವಸ್ತುವನ್ನು ಅನುಸರಿಸಿ ಮುಂಚಿತವಾಗಿಯೇ ನಿಗದಿಯಾಗುತ್ತದೆ. 2022–23ರಲ್ಲಿ ಕಬ್ಬಿನ ರಸದಿಂದ ತಯಾರಾದುದಕ್ಕೆ ಲೀಟರಿಗೆ ₹65.61, ಬಿ-ದರ್ಜೆಯ ಕಾಕಂಬಿಯಿಂದ ಬಂದುದಕ್ಕೆ ₹60.73 ಹಾಗೂ ಸಕ್ಕರೆಯನ್ನು ಬಹುತೇಕ ತೆಗೆದ ಸಿ-ದರ್ಜೆಯ ಕಾಕಂಬಿಯಿಂದ ಬಂದುದಕ್ಕೆ ₹49.41 ಇತ್ತು. ಹೀಗಾಗಿ ಇಲ್ಲಿ ಬರದ ಪರಿಣಾಮ ಮೊದಲು ಕಾಣಿಸುವುದು ಬೆಲೆಯಲ್ಲಲ್ಲ, ಸರ್ಕಾರಿ ಆದೇಶಗಳಲ್ಲಿ.

2023ರ ಆಗಸ್ಟ್ ತಿಂಗಳು 1901ರ ನಂತರದ ಅತ್ಯಂತ ಶುಷ್ಕ ಆಗಸ್ಟ್ ಆಗಿತ್ತು. ಕರ್ನಾಟಕದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಸಕ್ಕರೆಯ ಅಭಾವವಾಗಬಹುದೆಂದು ಕೇಂದ್ರ ಸರ್ಕಾರವು ಡಿಸೆಂಬರ್ 7ರಂದು ಕಬ್ಬಿನ ರಸವನ್ನು ಎಥನಾಲ್‌ಗೆ ಬಳಸುವುದನ್ನು ನಿಷೇಧಿಸಿತು. ಒಂದೇ ವಾರದಲ್ಲಿ ಆದೇಶ ಸಡಿಲವಾಗಿ, ಎಥನಾಲ್‌ಗಾಗಿ 17 ಲಕ್ಷ ಟನ್ ಸಕ್ಕರೆಯ ಮಿತಿಯನ್ನು ವಿಧಿಸಲಾಯಿತು. ಸಾಲ ಮಾಡಿ ಡಿಸ್ಟಿಲರಿ ನಿರ್ಮಿಸಿದ್ದ ಸಕ್ಕರೆ ಕಾರ್ಖಾನೆಗಳಿಗೆ ಇದು ಅನಿರೀಕ್ಷಿತ ಹೊಡೆತವಾಗಿತ್ತು.

ಆಹಾರ ನಿಗಮದ ಅಕ್ಕಿಯ ಪೂರೈಕೆ ಅದೇ ವರ್ಷದ ಜುಲೈನಲ್ಲಿಯೇ ನಿಂತಿತ್ತು. ಈ ಎರಡೂ ಮೂಲಗಳು ಕ್ಷೀಣಿಸಿದಾಗ ಪ್ರೋತ್ಸಾಹಧನದ ಮೂಲಕ ಸಿ-ಕಾಕಂಬಿಯ ಎಥನಾಲ್‌ಗೆ ₹56.28 ಹಾಗೂ ಮೆಕ್ಕೆಜೋಳದ ಎಥನಾಲ್‌ಗೆ ₹71.86 ದೊರೆಯುವಂತೆ ಮಾಡಲಾಯಿತು. ಪರಿಣಾಮವಾಗಿ 2023–24ರಲ್ಲಿ ಮೆಕ್ಕೆಜೋಳವು ದೇಶದ ಎಥನಾಲ್‌ನ ಅತಿ ದೊಡ್ಡ ಮೂಲವಾಯಿತು. ಮಿಶ್ರಣದ ಪ್ರಮಾಣವು ಹಿಂದಿನ ವರ್ಷದ ಶೇ. 12ರಿಂದ 14.6ಕ್ಕೆ ಏರಿತು. ಬರದ ವರ್ಷದಲ್ಲಿ ಮಿಶ್ರಣ ಹೆಚ್ಚಿದ್ದು ವಿರೋಧಾಭಾಸದಂತೆ ತೋರಬಹುದು. ವಾಸ್ತವದಲ್ಲಿ ಕೊರತೆಯು ಒಂದು ಬೆಳೆಯಿಂದ ಇನ್ನೊಂದಕ್ಕೆ ವರ್ಗಾವಣೆಗೊಂಡಿತ್ತು. ಮೆಕ್ಕೆಜೋಳ ದುಬಾರಿಯಾಗಿ ಕೋಳಿ ಆಹಾರದ ವೆಚ್ಚ ಹೆಚ್ಚಿತು. ಬೆಳೆಗಾರರಿಗೆ ಉತ್ತಮ ಧಾರಣೆ ಸಿಕ್ಕಿತಾದರೂ, ಹಿಂದೆ ರಫ್ತು ಮಾಡುತ್ತಿದ್ದ ದೇಶವು 2024ರಲ್ಲಿ ಮೆಕ್ಕೆಜೋಳವನ್ನು ಆಮದು ಮಾಡಿಕೊಳ್ಳಬೇಕಾಯಿತು.

ಕಬ್ಬಿನ ರಸದ ಎಥನಾಲ್ ದರ ಮಾತ್ರ ₹65.61ರಲ್ಲಿಯೇ ಉಳಿಯಿತು. ಇದೇ ಅವಧಿಯಲ್ಲಿ ರೈತರಿಗೆ ಪಾವತಿಸಬೇಕಾದ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರವು ಕ್ವಿಂಟಲಿಗೆ ₹305ರಿಂದ 2024–25ರ ವೇಳೆಗೆ ₹340ಕ್ಕೆ ಏರಿತ್ತು.

ವಿಳಂಬಿತ ಪರಿಣಾಮ

ಮೆಕ್ಕೆಜೋಳ ಕೆಲವೇ ತಿಂಗಳ ಬೆಳೆ. ಕಬ್ಬು ಹೊಲದಲ್ಲಿ ಸುಮಾರು ಒಂದು ವರ್ಷ ನಿಲ್ಲುತ್ತದೆ. ಕಟಾವಿನ ನಂತರ ಅದೇ ಬುಡದಿಂದ ಕೂಳೆ ಬೆಳೆ ತೆಗೆಯುವುದೂ ಉಂಟು. ಆದ್ದರಿಂದ ಒಂದು ಮುಂಗಾರಿನ ವೈಫಲ್ಯವು ಎರಡು ಹಂಗಾಮುಗಳಿಗೆ ವ್ಯಾಪಿಸಬಲ್ಲದು. ಕಬ್ಬಿನ ರಸದ ಮೇಲಿನ ನಿರ್ಬಂಧವನ್ನು 2024ರ ನವೆಂಬರ್‌ನಿಂದ ತೆರವುಗೊಳಿಸಲಾಯಿತು. ಆದರೆ ಹಿಂದಿನ ವರ್ಷ ನೀರಿಲ್ಲದೆ ನಾಟಿ ಕುಂಠಿತಗೊಂಡಿದ್ದ ಕಾರಣ ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ ಆ ಹಂಗಾಮಿಗೆ ಕಬ್ಬಿನ ಲಭ್ಯತೆಯೇ ಕಡಿಮೆಯಾಗಿತ್ತು.