ಮದುವೆಯ ಕ್ಯಾಸೆಟ್ಟು ಮತ್ತು ಗ್ರಂಥಸಂಪಾದನೆ

ಹಳೆಯದನ್ನು ಪ್ರತಿಮಾಡಿ ಉಳಿಸಿಕೊಳ್ಳುವುದು ಕನ್ನಡ ನಾಡಿಗೆ ಹೊಸ ವಿದ್ಯೆಯೇನಲ್ಲ. ಓಲೆಗರಿ ಹುಳು ತಿಂದು ಶಿಥಿಲವಾದಾಗ ಲಿಪಿಕಾರನು ಅದನ್ನು ಹೊಸ ಗರಿಗೆ ಇಳಿಸದಿದ್ದರೆ, ಹಳಗನ್ನಡದ ಕಾವ್ಯಗಳಲ್ಲಿ ಎಷ್ಟು ನಮ್ಮ ಕೈಸೇರುತ್ತಿದ್ದವು? ಈಗ ಕಪಾಟುಗಳಲ್ಲಿ ಧೂಳು ಹಿಡಿಯುತ್ತಿರುವ ವಿಡಿಯೊ ಕ್ಯಾಸೆಟ್ಟುಗಳೂ ಅಂಥ ಲಿಪಿಕಾರನಿಗಾಗಿ ಕಾದಿವೆ.

1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿಎಚ್‌ಎಸ್ ಕ್ಯಾಸೆಟ್ಟು ಮುಂದೆ ನಮ್ಮೂರ ಮದುವೆಯ ಹಂದರಕ್ಕೂ ಬಂದಿತು. ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಗೆ ಲೇಪಿಸಿದ ಕಾಂತೀಯ ಪುಡಿಯಲ್ಲಿ ಬಿಂಬವೂ ದನಿಯೂ ಅಡಗಿವೆ. ತೇವ ತಗುಲಿದರೆ ಲೇಪ ಸಡಿಲುತ್ತದೆ, ಬೂಷ್ಟು ಹಿಡಿಯುತ್ತದೆ. ಅದನ್ನು ಓಡಿಸುವ ಹೊಸ ಯಂತ್ರಗಳ ತಯಾರಿಕೆಯೂ 2016ರಲ್ಲಿ ನಿಂತಿತು.

ಗುಡೂರಿನ ನಮ್ಮ ಮನೆಯಲ್ಲಿದ್ದ ಅಕ್ಕನ ಮದುವೆಯ ಕ್ಯಾಸೆಟ್ಟನ್ನು ಹೀಗೆ ಡಿವಿಡಿಗೆ ಇಳಿಸಿದೆವು. ಈ ಕೆಲಸಕ್ಕೆ ಅವಸರ ಸಲ್ಲದು. ಮೂರು ಗಂಟೆಯ ಕ್ಯಾಸೆಟ್ಟು ಗಣಕಕ್ಕೆ ಇಳಿಯಲು ಮೂರು ಗಂಟೆಯೇ ಬೇಕು. ಇಳಿದ ಮೇಲೆ ಸಂಪಾದನೆ. ತಂತ್ರಾಂಶದಲ್ಲಿ ಬೇಡವಾದುದನ್ನು ಕತ್ತರಿಸುವುದು ಕ್ಷಣದ ಮಾತು.

“ಮಾಮಾ, ಈ ಅಡಿಗಿಮನಿ ಭಾಗ ತಗದ ಬಿಡೂಣ್ರಿ. ಕತ್ತಲಿ ಐತಿ, ಯಾರೂ ಛಂದ ಕಾಣೂದಿಲ್ಲ” ಎಂದ ಅಕ್ಕನ ಮಗ.

ಆ ಕತ್ತಲೆಯಲ್ಲಿ ಕ್ಯಾಮೆರಾಕ್ಕೆ ಬೆನ್ನುಹಾಕಿ ಕುಳಿತು ರೊಟ್ಟಿ ಎಣಿಸುತ್ತಿದ್ದವಳು ನಮ್ಮವ್ವ. “ಬೀಗರು ಉಂಡರೇನ?” ಎಂದು ಯಾರನ್ನೋ ಕೇಳುತ್ತಾಳೆ. ಅವ್ವ ಈಗಿಲ್ಲ. ಭಾವಚಿತ್ರಗಳಿವೆ, ದನಿ ಇರುವುದು ಅಲ್ಲಿ ಮಾತ್ರ. ಹುಡುಗನಿಗೆ ಅದನ್ನು ಹೇಳಿದೆ. ಅವನು ಮತ್ತೊಮ್ಮೆ ಹಚ್ಚಿ ಕೇಳಿದ. ಆ ಭಾಗ ಉಳಿಯಿತು.

ಪುಸ್ತಕಕ್ಕೂ ಚಿತ್ರಕ್ಕೂ ನಾವು ‘ಸಂಪಾದನೆ’ ಎಂಬ ಒಂದೇ ಮಾತನ್ನು ಬಳಸುತ್ತೇವೆ. ಆದರೆ ಗ್ರಂಥಸಂಪಾದಕನು ತನಗೆ ರುಚಿಸದ ಪದ್ಯವನ್ನು ಕಿತ್ತೊಗೆಯುವುದಿಲ್ಲ. ಪಾಠಾಂತರವನ್ನು ಅಡಿಯಲ್ಲಿ ಕಾಣಿಸುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಈ ಸಂಯಮ ಪರಿಚಿತವೇ. ವಿಎಚ್‌ಎಸ್ ಬಣ್ಣವನ್ನು ಒರಟಾಗಿ ದಾಖಲಿಸುವುದರಿಂದ ಇಳಕಲ್ ಸೀರೆಯ ಕೆಂಪು ಸೆರಗು ತನ್ನ ಅಂಚನ್ನು ದಾಟಿ ಹರಡಿಕೊಳ್ಳುತ್ತದೆ. ಅದನ್ನು ತಕ್ಕಮಟ್ಟಿಗೆ ತಿದ್ದಬಹುದು. ಆದರೆ ತಿದ್ದುವ ಉತ್ಸಾಹದಲ್ಲಿ ಮುದುಕಿಯರ ಮುಖದ ಸುಕ್ಕುಗಳನ್ನೂ ಅಳಿಸಿಬಿಡಬಾರದು. ಇಡಿಯ ಪ್ರತಿಯೊಂದನ್ನು ಮುಟ್ಟದೆ ಇಟ್ಟುಕೊಂಡು, ಕತ್ತರಿಯನ್ನು ಎರಡನೆಯ ಪ್ರತಿಯ ಮೇಲೆ ಆಡಿಸುವುದು ಲೇಸು.

ಡಿವಿಡಿಯೂ ಶಾಶ್ವತವಲ್ಲ. 4.7 ಜಿಬಿಯ ತಟ್ಟೆಯಲ್ಲಿ ಸುಮಾರು ಎರಡು ಗಂಟೆಯ ಚಿತ್ರ ಚೆನ್ನಾಗಿ ಹಿಡಿಸುತ್ತದೆ. ಮೂರು ಗಂಟೆಯದನ್ನು ಒಂದಕ್ಕೇ ತುರುಕಿದರೆ ಬಿಂಬ ಕೆಡುತ್ತದೆ. ಮನೆಯಲ್ಲಿ ಬರೆದ ತಟ್ಟೆಯ ಬಣ್ಣದ ಪದರವೂ ಕಾಲಕ್ರಮದಲ್ಲಿ ಮಾಸುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿಯಿರಲಿ, ಅದು ಬೇರೊಬ್ಬ ಬಂಧುವಿನ ಮನೆಯಲ್ಲಿರಲಿ.

ಇಷ್ಟಾದರೂ ಒಂದು ಕೆಲಸ ಉಳಿಯುತ್ತದೆ. ಗ್ರಂಥದ ಕೊನೆಗೆ ತಿಥಿಯನ್ನೂ ತನ್ನ ಹೆಸರನ್ನೂ ಬರೆದಿಟ್ಟ ಲಿಪಿಕಾರರುಂಟು. ಹಾಗೆಯೇ ಚಿತ್ರದಲ್ಲಿ ಕಾಣುವವರು ಯಾರು, ಯಾವ ಊರಿನವರು, ಹಾಡುತ್ತಿರುವವರು ಯಾರೆಂಬುದನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಅದನ್ನು ಯಾವ ತಂತ್ರಾಂಶವೂ ನಮಗಾಗಿ ಮಾಡಿಕೊಡಲಾರದು.