ನಗರದ ಚಳಿಜ್ವರ

ಮಲೇರಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮಲೆನಾಡಿನ ಕಾಡು, ಜೌಗುನೆಲ. ನಗರಕ್ಕೂ ತನ್ನದೇ ಆದ ಮಲೇರಿಯಾ ಉಂಟು. ಅದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಸಾಮಾನ್ಯವಾಗಿ ಕೊಳಚೆಯನ್ನು ಅರಸಿ ಹೋಗುವುದಿಲ್ಲ. ಅದಕ್ಕೆ ತಿಳಿನೀರು ಬೇಕು. ಬಾವಿ, ಮುಚ್ಚಳವಿಲ್ಲದ ಮಹಡಿಯ ಟ್ಯಾಂಕಿ, ಹೊಸ ತಾರಸಿಯ ಮೇಲೆ ಸಿಮೆಂಟು ಗಟ್ಟಿಯಾಗಲೆಂದು ಕಟ್ಟಿ ನಿಲ್ಲಿಸಿದ ನೀರು, ಇವು ಅದರ ತವರು. ಚರಂಡಿಯ ಕಡೆಗೆ ಬೆರಳು ತೋರಿಸಿ ನಿಶ್ಚಿಂತರಾಗುವ ನಮ್ಮಂಥ ಸದ್ಗೃಹಸ್ಥರಿಗೆ ಇದು ಅಷ್ಟೇನೂ ಹಿತವಾದ ಸಂಗತಿಯಲ್ಲ.

ಹಾಗಾದರೆ ಒಂದು ನಗರದಲ್ಲಿ ಅಪಾಯ ಎಷ್ಟು, ಎಲ್ಲಿ ಎಂದು ಅಳೆಯುವುದು ಹೇಗೆ? ವರ್ಷಕ್ಕೆ ಸಾವಿರ ಜನರಲ್ಲಿ ಎಷ್ಟು ಮಂದಿಗೆ ರೋಗ ಕಂಡಿತೆಂಬುದು ರೂಢಿಯ ಅಳತೆ. ಐದು ಲಕ್ಷ ಜನರಿರುವ ನಗರವೊಂದನ್ನು ಊಹಿಸಿಕೊಳ್ಳಿ. ಅಲ್ಲಿ ಐನೂರು ರೋಗಿಗಳಿದ್ದರೆ ಸಾವಿರಕ್ಕೆ ಒಬ್ಬರಾಯಿತು, ಗಾಬರಿಪಡುವಂಥದೇನೂ ಕಾಣದು. ಆ ಐನೂರರಲ್ಲಿ ಮುನ್ನೂರು ಮಂದಿ ಹತ್ತು ಸಾವಿರ ಜನರ ಒಂದೇ ವಾರ್ಡಿನವರಾದರೆ? ಅಲ್ಲಿ ಸಾವಿರಕ್ಕೆ ಮೂವತ್ತು! ಸರಾಸರಿ ಎಂಬುದು ಸುಳ್ಳು ಹೇಳುವುದಿಲ್ಲ, ಮರೆಮಾಡುತ್ತದೆ. ಎಷ್ಟು ಜನರ ರಕ್ತ ಪರೀಕ್ಷೆಯಾಯಿತೆಂಬುದನ್ನೂ ಜೊತೆಗಿಟ್ಟು ನೋಡಬೇಕು. ಪರೀಕ್ಷೆಯೇ ನಡೆಯದ ಬಡಾವಣೆಯಲ್ಲಿ ರೋಗವೂ 'ಇಲ್ಲ'ವಷ್ಟೆ.

ಇನ್ನೊಂದು ತೊಡಕು ವಿಳಾಸದ್ದು. ಈ ಸೊಳ್ಳೆ ಕಚ್ಚುವುದು ಸಂಜೆಯಿಂದ ಮುಂದಕ್ಕೆ. ಜ್ವರ ಬರುವುದು ಸುಮಾರು ಎರಡು ವಾರಗಳ ಬಳಿಕ. ಕಟ್ಟಡದ ಕೂಲಿಯಾಳು ಅಷ್ಟರಲ್ಲಿ ಬೇರೊಂದು ಕಟ್ಟಡಕ್ಕೆ, ಬೇರೊಂದು ಊರಿಗೇ ಹೋಗಿರಬಹುದು. ಆದುದರಿಂದ 'ನಿಮ್ಮ ಮನೆ ಎಲ್ಲಿ' ಎಂಬುದಕ್ಕಿಂತ 'ಕಳೆದ ತಿಂಗಳು ರಾತ್ರಿ ಎಲ್ಲಿ ಮಲಗುತ್ತಿದ್ದಿರಿ' ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತ. ವೈವಾಕ್ಸ್ ಜಾತಿಯ ರೋಗಾಣುವಂತೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಏಳಬಲ್ಲದು. ಅಂಥ ಮರುಕಳಿಕೆಯನ್ನು ಹೊಸ ಸೋಂಕೆಂದು ಎಣಿಸಿದರೆ ಸೊಳ್ಳೆಯಿಲ್ಲದ ಬೀದಿಗೆ ಔಷಧ ಸಿಂಪಡಿಸಿದಂತಾಗುತ್ತದೆ.

ಬಹುಕಾಲ ಈ ಜ್ವರದಿಂದ ಬಳಲಿದ ಮಂಗಳೂರಿನಲ್ಲಿ 2015ರಲ್ಲಿ ಆರೋಗ್ಯ ಕಾರ್ಯಕರ್ತರ ಕೈಗೆ ಪುಟ್ಟ ಗಣಕಯಂತ್ರಗಳು ಬಂದವು. ಪ್ರತಿಯೊಂದು ಪ್ರಕರಣವನ್ನೂ ನಕ್ಷೆಯಲ್ಲಿ ಗುರುತಿಸಿ, ಆ ಸ್ಥಳಕ್ಕೇ ಹೋಗಿ ನೀರು ಹುಡುಕುವ ಪದ್ಧತಿ ಬೆಳೆಯಿತು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಬಹುವಾಗಿ ಇಳಿದವು.

ಆದರೆ ರೋಗಿಗಳ ನಕ್ಷೆ ಹೇಳುವುದು ಆಗಿಹೋದುದನ್ನು. ಮುಂದಾಗುವುದನ್ನು ತಿಳಿಯಲು ನೀರಿನ ನಕ್ಷೆ ಬೇಕು. ಮೊಟ್ಟೆಯು ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ವಾರ, ಹತ್ತು ದಿನ ಸಾಕು. ಹಾಗಾಗಿ ತಪಾಸಣೆ ವಾರಕ್ಕೊಮ್ಮೆ ನಡೆಯಬೇಕು. ಯಾವ ಬೀದಿಯಲ್ಲಿ ಯಾವ ಕಟ್ಟಡ ಏಳುತ್ತಿದೆಯೆಂಬ ಪಟ್ಟಿ ಪರವಾನಗಿ ಕೊಡುವ ಶಾಖೆಯಲ್ಲಿ ಇರುತ್ತದೆ. ಮಳೆಗಾಲಕ್ಕೆ ಮುನ್ನ ಅದರ ಒಂದು ಪ್ರತಿ ಆರೋಗ್ಯ ಶಾಖೆಯ ಮೇಜಿಗೆ ತಲುಪಬೇಕು.