ಮನೆಗೊಂದು ವೆಲ್ಡಿಂಗ್ ಯಂತ್ರ: ಕೊಳ್ಳುವ ಮೊದಲು ಮುರಿದದ್ದನ್ನು ಎಣಿಸಿ

ಎರೆ ಭೂಮಿಯವರಿಗೆ ಬಿತ್ತನೆಯ ಹದ ಅಂದ್ರೆ ಎರಡು-ಮೂರು ದಿನದ ಮಾತು. ಮಳೆ ನಿಂತ ಕೂಡಲೇ ಹೊಲದೊಳಗೆ ಕಾಲಿಡಲು ಬರೋದಿಲ್ಲ. ನಾಲ್ಕು ದಿನ ಬಿಸಿಲು ಬಿದ್ದರೆ ಮೇಲಿನ ಹಸಿ ಆರಿ ಬೀಜ ಹುಟ್ಟೋದಿಲ್ಲ. ಈ ನಡುವಿನ ಹದದೊಳಗೇ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಕೂರಿಗೆಗಳೆಲ್ಲ ಒಟ್ಟಿಗೇ ಹೊಲಕ್ಕಿಳಿಯುತ್ತವೆ. ಮುರಿಯೋದೂ ಆಗಲೇ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಜೋಳ, ಕಡಲೆ. ಎರಡೂ ಹೊತ್ತಿನಲ್ಲಿ ಪೇಟೆಯ ವೆಲ್ಡಿಂಗ್ ಅಂಗಡಿ ಮುಂದೆ ಟ್ರ್ಯಾಕ್ಟರಿನ ಸಾಲು. "ಕರೆಂಟ್ ಇಲ್ರಿ ಗೌಡ್ರ, ಬಿಟ್ಟು ಹೋಗ್ರಿ, ನಾಳೆ ನೋಡೂಣು" ಎಂಬ ಮಾತು ಕೇಳದ ರೈತ ನಮ್ಮ ಕಡೆ ಸಿಗಲಿಕ್ಕಿಲ್ಲ.

ಬೆಸುಗೆಗೆ ಕೊಡುವ ಕೂಲಿ ದೊಡ್ಡದಲ್ಲ. ಹೋಗಿ ಬರುವ ಡೀಸೆಲ್, ಹೊಲದಲ್ಲಿ ಕೈಕಟ್ಟಿ ಕೂತ ಆಳು, ಎಲ್ಲಕ್ಕಿಂತ ಹೆಚ್ಚು ಕೈತಪ್ಪಿದ ಹದ, ಇವೇ ದೊಡ್ಡ ಖರ್ಚು. ಹಿಂದೆ ಊರಲ್ಲೇ ಕಂಬಾರರಿದ್ದರು. ಬೆಳಿಗ್ಗೆ ಕುಡ ಕೊಟ್ಟರೆ ತಿದಿ ಊದಿ, ಕಾಸಿ ಬಡಿದು ಮಧ್ಯಾಹ್ನಕ್ಕೆ ಕೊಡುತ್ತಿದ್ದರು. ಸುಗ್ಗಿಯಲ್ಲಿ ಆಯ ಕೊಟ್ಟರೆ ವರ್ಷದ ಲೆಕ್ಕ ಮುಗಿಯಿತು. ಈಗ ಹಲವು ಹಳ್ಳಿಗಳಲ್ಲಿ ತಿದಿ ನಿಂತಿದೆ. ಆ ಜಾಗ ತುಂಬಲಿಕ್ಕೆ ಮನೆಯಲ್ಲೊಂದು ಸಣ್ಣ ವೆಲ್ಡಿಂಗ್ ಯಂತ್ರ ಇಟ್ಟುಕೊಳ್ಳೋಣ ಎಂಬ ವಿಚಾರ ಬಹಳ ರೈತರಿಗೆ ಬಂದಿದೆ. ನಾನು ಕೊಂಡು ನಾಲ್ಕು ವರ್ಷವಾಯಿತು. ಯಾವ ಯಂತ್ರ, ಎಷ್ಟರ ಮಟ್ಟಿಗೆ ಎಂದು ಕೇಳುವವರಿಗೆ ಈ ಬರಹ.

ಮೊದಲು ಒಂದು ವರ್ಷದ ಲೆಕ್ಕ

ಕೊಳ್ಳುವ ಮುಂಚಿನ ಒಂದು ವರ್ಷ, ಮನೆಯಲ್ಲಿ ಮುರಿದದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆಯುತ್ತ ಹೋದೆ. ಒಟ್ಟು 14 ಕೆಲಸ ಬಂದವು. ಕೂರಿಗೆಯ ತಾಳು ಮತ್ತು ಚೌಕಟ್ಟು 5 ಸಲ, ಟ್ರೇಲರಿನ ಬಾಗಿಲು-ಬಿಜಾಗರಿ 3 ಸಲ, ಗೇಟು 2, ದನದ ಕೊಟ್ಟಿಗೆಯ ಕಂಬ-ಪಟ್ಟಿ 2. ಇನ್ನೆರಡರಲ್ಲಿ ಒಂದು ಪಂಪಿನ ಬೀಡಿನ (ಎರಕದ ಕಬ್ಬಿಣದ) ಹೊದಿಕೆ, ಒಂದು ಅಲ್ಯೂಮಿನಿಯಂ ಹಾಲಿನ ಕ್ಯಾನು.

ಅಂದರೆ 14ರಲ್ಲಿ 12 ಸಾದಾ ಕಬ್ಬಿಣದ ಕೆಲಸ. ಯಂತ್ರವನ್ನು ಆರಿಸಿದ್ದು ಈ ಲೆಕ್ಕ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ಕಲಘಟಗಿ ಕಡೆ ಭತ್ತ ಬೆಳೆಯುವವರ ಸಾಮಾನು ಬೇರೆ, ಹತ್ತು ಎಮ್ಮೆ ಕಟ್ಟಿದವರ ಸಾಮಾನು ಬೇರೆ. ಅಂಗಡಿಗೆ ಹೋಗುವ ಮೊದಲು ಪಟ್ಟಿ ಮಾಡಿಕೊಳ್ಳಿ.

ಸಾದಾ ಕಬ್ಬಿಣಕ್ಕೆ ಸಾದಾ ಯಂತ್ರ

ಹಳೆಯ ಕಾಲದ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಯಂತ್ರ ಗಟ್ಟಿಮುಟ್ಟು. ಆದರೆ ನಾಲ್ಕು ಜನ ಎತ್ತಬೇಕು. ಬಹುಪಾಲು ಅವಕ್ಕೆ ಎರಡು ಫೇಸ್ ಬೇಕು, ಮನೆಯ ಲೈನಿಗೆ ಆಗಿಬರೋದಿಲ್ಲ. ಈಗ ಬರುವ ಇನ್ವರ್ಟರ್ ಯಂತ್ರ ಐದಾರು ಕಿಲೋ ತೂಕ, ಸಿಂಗಲ್ ಫೇಸಿಗೆ ಸಾಕು. ನಾನು ಕೊಂಡದ್ದು 200 ಆಂಪಿಯರಿನದು. ಯಂತ್ರ, ಹೋಲ್ಡರ್, ಕೇಬಲ್ ಸೇರಿ 8,500 ರೂಪಾಯಿ ಆಯಿತು.

ಡಬ್ಬಿಯ ಮೇಲಿನ ಆಂಪಿಯರ್ ನೋಡಿ ಮರುಳಾಗಬೇಡಿ. ಮೂರು ಪ್ರಶ್ನೆ ಕೇಳಿ.

ಒಂದು, ಎಷ್ಟು ಹೊತ್ತು ಎಳೆಯುತ್ತದೆ? 200 ಆಂಪಿಯರಿಗೆ 60 ಶೇಕಡಾ ಅಂತ ಬರೆದಿದ್ದರೆ, ಆ ಜೋರಿನಲ್ಲಿ 10 ನಿಮಿಷದಲ್ಲಿ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ ಎಂದರ್ಥ. ನಮಗೆ ಬೇಕಾದ್ದು 80-110 ಆಂಪಿಯರ್. ಆದ್ದರಿಂದ 200ರ ಯಂತ್ರ ಬೇಸಿಗೆಯಲ್ಲೂ ದಣಿಯದೆ ನಡೆಯುತ್ತದೆ.

ಎರಡು, ಎಷ್ಟು ಕಡಿಮೆ ವೋಲ್ಟೇಜಿಗೆ ನಡೆಯುತ್ತದೆ? ಸಂಜೆ ಏಳಕ್ಕೆ ಮೀಟರ್ ಹಿಡಿದು ನಿಮ್ಮ ಮನೆಯ ವೋಲ್ಟೇಜ್ ಅಳೆಯಿರಿ. ಹೆಸರಿಗೆ 230 ಇದ್ದರೂ ಊರ ಕೊನೆಯ ಮನೆಗೆ 180 ಮುಟ್ಟೋದೂ ಕಷ್ಟ. ಕೆಲವು ಯಂತ್ರ 180ಕ್ಕೇ ನಿಲ್ಲುತ್ತವೆ, ಕೆಲವು 160ರಲ್ಲೂ ಎಳೆಯುತ್ತವೆ. ನಮ್ಮ ಹಳ್ಳಿಗೆ ಎರಡನೆಯದೇ ಬೇಕು.

ಮೂರು, ಕೆಟ್ಟರೆ ಹುಬ್ಬಳ್ಳಿಯಲ್ಲಿ ರಿಪೇರಿ ಆಗುತ್ತದೆಯೇ? ದೂರದ ಊರಿನಿಂದ ಪಾರ್ಸೆಲ್ ತರಿಸಿದ ಅಗ್ಗದ ಯಂತ್ರದ ಕಾರ್ಡ್ ಸುಟ್ಟರೆ ತೂಕಕ್ಕೆ ಹಾಕೋದೊಂದೇ ದಾರಿ.

ವಿದ್ಯುತ್ತಿನ ಲೆಕ್ಕ

2.5 ಮಿ.ಮೀ. ರಾಡಿಗೆ 80 ಆಂಪಿಯರ್ ಇಟ್ಟರೆ ಯಂತ್ರ ಮನೆಯ ಲೈನಿನಿಂದ ಸುಮಾರು 14 ಆಂಪಿಯರ್ ಎಳೆಯುತ್ತದೆ. 15 ಆಂಪಿಯರಿನ ಪ್ಲಗ್ಗಿಗೆ ಅಷ್ಟೇ ಮಿತಿ. 3.15 ರಾಡಿಗೆ 110 ಇಟ್ಟರೆ 20 ಆಂಪಿಯರ್ ಬೇಕು. ಅದಕ್ಕೆ ಮೀಟರಿನಿಂದಲೇ ಬೇರೆ ವೈರ್, ಬೇರೆ ಎಂ.ಸಿ.ಬಿ. ಹಾಕಿಸಬೇಕು. ವೋಲ್ಟೇಜ್ ಇಳಿದರೆ ಯಂತ್ರ ಎಳೆಯುವ ಆಂಪಿಯರ್ ಏರುತ್ತದೆ. 170ರಲ್ಲಿ ಅದೇ 14 ಹೋಗಿ ಸುಮಾರು 19ಕ್ಕೆ ಬಂದು ನಿಲ್ಲುತ್ತದೆ. ಪ್ಲಗ್ ಕರಗೋದು ಇದೇ ಕಾರಣಕ್ಕೆ.

ಅಂಗಳದವರೆಗೆ ವೈರ್ ಎಳೆಯುವಾಗ ತೆಳ್ಳನೆಯದು ಬೇಡ. 30 ಮೀಟರ್ ದೂರಕ್ಕೆ 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 15 ಆಂಪಿಯರ್ ಹರಿದರೆ 16 ವೋಲ್ಟ್ ದಾರಿಯಲ್ಲೇ ಖರ್ಚು. 2.5ರ ವೈರಿನಲ್ಲಿ 7 ವೋಲ್ಟಿನೊಳಗೆ ಮುಗಿಯುತ್ತದೆ. ಸುರುಳಿ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ ವೈರ್ ಒಳಗೊಳಗೇ ಕಾದು ಕರಗುತ್ತದೆ.

ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಮನೆಗೆ ಮಂಜೂರಾದ ಕಿಲೋವ್ಯಾಟ್ ಇರುತ್ತದೆ. ಅದು ಕಡಿಮೆಯಿದ್ದರೆ ಹೆಸ್ಕಾಂ ಶಾಖೆಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತು ನೀರೆತ್ತಲಿಕ್ಕೆ ಕೊಟ್ಟದ್ದು, ಅದರ ಮೇಲೆ ಬೆಸುಗೆ ಮಾಡಬಾರದು. ಜನರೇಟರ್ ಇದ್ದವರು 5 ಕೆ.ವಿ.ಎ.ಗಿಂತ ಸಣ್ಣದರಲ್ಲಿ ಸಾಹಸ ಮಾಡೋದು ಬೇಡ.

ಅಲ್ಯೂಮಿನಿಯಂ ಅಂದ್ರೆ ಬೇರೆ ಜಾತಿ

ಈಗ ಆ ಹಾಲಿನ ಕ್ಯಾನಿನ ಮಾತು. ಯಂತ್ರ ಕೊಳ್ಳಲು ಹೋದಾಗ ಒಂದು ಅಂಗಡಿಯಲ್ಲಿ ಡಬ್ಬಿಯ ಮೇಲೆ 'ಟಿಗ್' ಅಂತ ದಪ್ಪ ಅಕ್ಷರ ಕಂಡಿತು. "ಸಾಹುಕಾರ್ರ, ಇದರಾಗ ಅಲ್ಯೂಮಿನಿಯಂ ಹತ್ತತೈತೇನ್ರಿ?" ಅಂದೆ. "ಎಲ್ಲಾ ಹತ್ತತೈತ್ರಿ, ತೊಗೊಂಡ ಹೋಗ್ರಿ" ಅಂದರು. ನಾನು ಕೊಳ್ಳಲಿಲ್ಲ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಬೆಸುಗೆ ಮಾಡಿದ ಹಿರಿಯರೊಬ್ಬರನ್ನು ಕೇಳಿದೆ. ಅವರ ಉತ್ತರ ಒಂದೇ ಸಾಲು: "ಡಬ್ಬಿ ಮ್ಯಾಲೆ ಎ.ಸಿ. ಅಂತ ಬರದಿಲ್ಲಂದ್ರ ಅದರಾಗ ಅಲ್ಯೂಮಿನಿಯಂ ಆಗೂದಿಲ್ರಿ ಅಣ್ಣಾರ."

ಕಾರಣ ಸರಳ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಆದರೆ ಅದರ ಮೇಲೆ ಗಾಳಿಯಿಂದ ಕೂಡುವ ತೆಳು ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಪೊರೆ ಒಡೆಯದೆ ಲೋಹ ಕೂಡೋದಿಲ್ಲ. ಎ.ಸಿ. ವಿದ್ಯುತ್ತು ಹಿಂದುಮುಂದಾಗಿ ಹರಿಯುವಾಗ ಒಂದು ದಿಕ್ಕು ಪೊರೆಯನ್ನು ಸಿಡಿಸುತ್ತದೆ, ಇನ್ನೊಂದು ಲೋಹವನ್ನು ಕರಗಿಸುತ್ತದೆ. ಗಾಳಿ ತಾಗದಂತೆ ಸುತ್ತ ಆರ್ಗಾನ್ ಅನಿಲ ಬಿಡುತ್ತಿರಬೇಕು. ಟಂಗ್‌ಸ್ಟನ್ ಮೊನೆಯಿಂದ ಮಾಡುವ ಈ ಬೆಸುಗೆಯನ್ನು 1941ರ ಸುಮಾರಿಗೆ ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಎಂಬವರು ಬಳಕೆಗೆ ತಂದರು. ವಿಮಾನದ ಹಗುರ ಲೋಹ ಕೂಡಿಸಲಿಕ್ಕೆ ಹುಟ್ಟಿದ ವಿದ್ಯೆ ಇದು. ಹೊರದೇಶದಲ್ಲಿ ಕೆರೆಗಳಲ್ಲಿ ಅಲ್ಯೂಮಿನಿಯಂ ದೋಣಿ ಓಡಿಸುವವರು ಸೋರುವ ದೋಣಿ ಮುಚ್ಚಲಿಕ್ಕೆ ಮನೆಯಲ್ಲೇ ಇಂಥ ಯಂತ್ರ ಇಟ್ಟುಕೊಳ್ಳುವುದುಂಟು. ನಮ್ಮಲ್ಲಿ ದೋಣಿಯ ಜಾಗದಲ್ಲಿ ಹಾಲಿನ ಕ್ಯಾನು, ಹಳೆಯ ತುಂತುರು ನೀರಾವರಿ ಪೈಪು, ಎಂಜಿನ್ನಿನ ಹೊದಿಕೆ ಇವೆ.

ಎ.ಸಿ. ಟಿಗ್ ಯಂತ್ರದ ಬೆಲೆ ಸಾದಾ ಯಂತ್ರದ ಹಲವು ಪಟ್ಟು. ಮೇಲೆ ಆರ್ಗಾನ್ ಸಿಲಿಂಡರಿನ ಠೇವಣಿ, ತುಂಬಿಸುವ ಖರ್ಚು, ಹುಬ್ಬಳ್ಳಿಗೆ ಹೊತ್ತು ಹೋಗುವ ಕೆಲಸ. 7 ಘನ ಮೀಟರ್ ಅನಿಲ ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ 12 ಗಂಟೆಯೊಳಗೆ ಖಾಲಿ. ವಾಲ್ವ್ ಸ್ವಲ್ಪ ಸೋರಿದರೆ ಕೆಲಸ ಮಾಡದೆಯೂ ಖಾಲಿ. ಕೈಗೂ ಬಹಳ ಕಲಿಕೆ ಬೇಕು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಮುನ್ಸೂಚನೆ ಕೊಡೋದಿಲ್ಲ. ಗಟ್ಟಿಯಾಗಿ ಕಂಡದ್ದು ಒಮ್ಮೆಲೇ ಕುಸಿದು ತೂತಾಗುತ್ತದೆ.

ವರ್ಷಕ್ಕೊಂದು ಕ್ಯಾನಿಗಾಗಿ ಇಷ್ಟು ಸಂಸಾರ ಹೂಡುವುದರಲ್ಲಿ ಅರ್ಥವಿಲ್ಲ. ಕ್ಯಾನನ್ನು ನಾನು ಹುಬ್ಬಳ್ಳಿಗೇ ಕಳಿಸುತ್ತೇನೆ. ಕ್ಯಾನು ಸೋರಿದರೆ ಒಂದು ಹೊತ್ತಿನ ಹಾಲು ಬೇರೆ ಪಾತ್ರೆಯಲ್ಲಿ ಹೋದೀತು. ಕೂರಿಗೆ ಮುರಿದರೆ ಹದ ಕಾಯೋದಿಲ್ಲ. ಯಾವುದು ಕಾಯುತ್ತದೆ, ಯಾವುದು ಕಾಯೋದಿಲ್ಲ ಎಂದು ನೋಡಿ ಯಂತ್ರ ಕೊಳ್ಳಬೇಕು. ಹತ್ತಾರು ಮನೆಯ ಕ್ಯಾನು, ಪೈಪು ಒಂದೇ ಊರಲ್ಲಿ ಕೂಡುವುದಾದರೆ ರೈತರ ಸಂಘವೋ, ಕಲಿತ ಹುಡುಗನೊಬ್ಬನೋ ಟಿಗ್ ಇಟ್ಟರೆ ಅದು ದುಡಿದೀತು.

ಮನೆಯಲ್ಲಿ ಮಾಡಬಾರದ ಕೆಲಸ

ಟ್ರೇಲರಿನ ಹುಕ್ಕು, ಸ್ಟೇರಿಂಗ್, ಬ್ರೇಕು, ಗಾಲಿಯ ಹಬ್ಬು: ಇವನ್ನು ನಾನು ಮುಟ್ಟೋದಿಲ್ಲ. ಬೆಸುಗೆ ಮೇಲೆ ಚಂದ ಕಂಡು ಒಳಗೆ ಹತ್ತದೇ ಇರಬಹುದು. ಟ್ರೇಲರಿನಲ್ಲಿ ಆಳುಗಳು ಕೂತಿರುತ್ತಾರೆ. ರೋಟಾವೇಟರಿನ ಬ್ಲೇಡು, ಕಮಾನಿನ ಪಾಟಿ ಹದ ಕೊಟ್ಟ ಉಕ್ಕು. ಸಾದಾ ರಾಡ್ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಸೀಳುತ್ತವೆ. ಬೀಡಿಗೆ ನಿಕ್ಕಲ್ ರಾಡೂ ಅನುಭವದ ಕೈಯೂ ಬೇಕು.

ಡೀಸೆಲ್, ಪೆಟ್ರೋಲ್, ಔಷಧ ತುಂಬಿದ್ದ ಡ್ರಮ್ಮು ಖಾಲಿಯಿದ್ದರೂ ಬೆಸುಗೆ ಬೇಡ. ಒಳಗಿನ ಆವಿಗೆ ಕಿಡಿ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ. ಬಣವಿ, ಹತ್ತಿಯ ಹತ್ತಿರ ಯಂತ್ರ ಒಯ್ಯಬೇಡಿ. ಜಿ.ಐ. ಪೈಪಿನ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬೆಸುಗೆಯ ಜಾಗದ ಸತು ಉಜ್ಜಿ ತೆಗೆದು, ಬಯಲಲ್ಲಿ ನಿಂತು ಮಾಡಿ.

ಬರಿ ಕಣ್ಣಲ್ಲಿ ಕಿಡಿ ನೋಡಿದರೆ ಆಗ ಏನೂ ಅನಿಸೋದಿಲ್ಲ. ಆರೆಂಟು ತಾಸಿನ ನಂತರ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ. ನೋಡಲು ನಿಂತ ಮಕ್ಕಳಿಗೆ ಇದು ಹೆಚ್ಚು. ಮೊದಲು ಅವರನ್ನು ದೂರ ಕಳಿಸಿ. ಮುಖಕ್ಕೆ 10 ಅಥವಾ 11 ನಂಬರಿನ ಕಪ್ಪು ಗಾಜು, ಕೈಗೆ ಚರ್ಮದ ಗ್ಲೌಸು, ಕಾಲಿಗೆ ಒಣಗಿದ ಬೂಟು ಇರಲೇಬೇಕು. ಬರಿಗಾಲು, ಹಸಿ ನೆಲ, ಕರೆಂಟು ಮೂರೂ ಕೂಡಬಾರದು. ಮನೆಗೆ ಅರ್ಥಿಂಗ್ ಸರಿಯಿದೆಯೇ ನೋಡಿ, ಆರ್.ಸಿ.ಸಿ.ಬಿ. ಹಾಕಿಸಿ.

ಟ್ರ್ಯಾಕ್ಟರಿಗೆ ಬೆಸುಗೆ ಮಾಡುವಾಗ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಚ್ಚಿ. ದೂರ ಹಚ್ಚಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದನ್ನು ಸುಡುತ್ತದೆ.

ಕಲಿಕೆ

ಯಂತ್ರ ತಂದ ದಿನವೇ ಕೂರಿಗೆಗೆ ಕೈ ಹಾಕಬೇಡಿ. ಗುಜರಿಯ ಪಟ್ಟಿ ತಂದು, ತುಕ್ಕು-ಬಣ್ಣ ಉಜ್ಜಿ, ಒಂದು ಪಾಕೀಟು 2.5ರ ರಾಡ್ ಪೂರ್ತಿ ಅದರ ಮೇಲೆ ಸುಡಿ. 60ರಿಂದ 90 ಆಂಪಿಯರಿನೊಳಗೆ ಕೈ ಕೂಡುತ್ತದೆ. ಕೂಡಿಸಿದ್ದನ್ನು ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಮಡಚಿ ಮುರಿದು ನೋಡಿ. ಒಳಗೆ ಕಿಟ್ಟ ಸಿಕ್ಕಿದ್ದರೆ ಕಪ್ಪಗೆ ಕಾಣುತ್ತದೆ. ನಾನು ಪೇಟೆಯ ಅಂಗಡಿಯಲ್ಲಿ ಬಿತ್ತನೆ ಇಲ್ಲದ ಹೊತ್ತಿನಲ್ಲಿ ಹದಿನೈದು ದಿನ ಕೂತು ಕಲಿತೆ. ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ, ಹತ್ತಿರದ ಐ.ಟಿ.ಐ.ಯಲ್ಲಿ ಬೆಸುಗೆಯ ತರಬೇತಿ ಯಾವಾಗ ಇದೆ ಎಂದು ವಿಚಾರಿಸಿ. ರಾಡನ್ನು ಮಳೆಗಾಲದಲ್ಲಿ ಮುಚ್ಚಳದ ಡಬ್ಬಿಯಲ್ಲಿಡಿ. ಥಂಡಿ ಹಿಡಿದ ರಾಡ್ ಸಿಡಿಯುತ್ತದೆ, ಬೆಸುಗೆ ತೂತಾಗುತ್ತದೆ.

ಕಳೆದ ಹಿಂಗಾರಿನಲ್ಲಿ ಕಡಲೆ ಬಿತ್ತುವಾಗ ತಾಳು ಕಳಚಿತು. ಮನೆಗೆ ತಂದು ಹಚ್ಚಿ, ಒಂದೂವರೆ ತಾಸಿಗೆ ಮತ್ತೆ ಸಾಲು ಹಿಡಿದೆವು. ಪಕ್ಕದ ಹೊಲದ ಕಾಕಾನ ಕೂರಿಗೆಯೂ ಅಂದೇ ಬಂತು. ಕೂಲಿ ತೆಗೆದುಕೊಳ್ಳಲಿಲ್ಲ, ರಾಡ್ ಮಾತ್ರ ಅವರೇ ತಂದರು. ಓಣಿಗೊಂದು ಯಂತ್ರವಿದ್ದು ಕಲಿತ ಕೈ ಎರಡಿದ್ದರೆ ಸಾಕು, ಎಲ್ಲರೂ ಕೊಳ್ಳಬೇಕಿಲ್ಲ. ಮನೆಯಲ್ಲೇ ಬೆಸುಗೆ ಮಾಡಿಕೊಳ್ಳುವ ರೈತರು ತಮ್ಮ ವರ್ಷದ ಲೆಕ್ಕ ಬರೆದು ಕಳಿಸಿದರೆ ಉಳಿದವರಿಗೂ ಆರಿಸಲಿಕ್ಕೆ ಅನುಕೂಲ.